ಈ ಅಂಕಿ ಎಲ್ಲಿಂದ ಬಂತು? ತೆರಿಗೆ ತಂತ್ರಾಂಶದ ಲೆಕ್ಕದ ಜಾಡು

ಆದಾಯ ತೆರಿಗೆ ರಿಟರ್ನ್ ತುಂಬುವ ತಂತ್ರಾಂಶದಲ್ಲಿ ನಾವು ಕೈಯಾರೆ ಬರೆಯುವ ಅಂಕಿಗಳು ಕೆಲವೇ. ಉಳಿದವು ತಾವಾಗಿ ಬಂದು ಕೂರುತ್ತವೆ. ಕೊನೆಯಲ್ಲಿ ‘ಕಟ್ಟಬೇಕಾದ ತೆರಿಗೆ’ ಎಂಬ ಸಾಲಿನಲ್ಲಿ ಒಂದು ಮೊತ್ತ ಕಾಣುತ್ತದೆ. ಆದರೆ ರಿಟರ್ನಿನ ಕೆಳಗಿನ ಘೋಷಣೆ ತಂತ್ರಾಂಶದ ಹೆಸರಿನಲ್ಲಿ ಇರುವುದಿಲ್ಲ, ತೆರಿಗೆದಾರರ ಹೆಸರಿನಲ್ಲಿ ಇರುತ್ತದೆ. ಕೊಟ್ಟ ಮಾಹಿತಿ ಸರಿಯಾಗಿದೆ, ಪೂರ್ಣವಾಗಿದೆ ಎಂದು ಒಪ್ಪಿಕೊಳ್ಳುವವರು ಅವರೇ. ಹಾಗಾಗಿ ಮೂಲ ಗೊತ್ತಿಲ್ಲದ ಅಂಕಿಗೆ ಒಪ್ಪಿಗೆ ಕೊಡಬಾರದು ಎಂಬುದು ಈ ಲೇಖನದ ನಿಲುವು. ಮೂಲ ಹುಡುಕುವುದು ತೋರುವಷ್ಟು ಕಷ್ಟವೂ ಅಲ್ಲ.

ಮುದ್ದೇನಹಳ್ಳಿಯ ಒಂದು ಲೆಕ್ಕ

ನಂದಿಬೆಟ್ಟದ ಮಗ್ಗುಲಲ್ಲಿರುವ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಈ ಸುತ್ತಿನ ಹಳ್ಳಿಗಳಲ್ಲಿ ದ್ರಾಕ್ಷಿ, ಹೂವು, ತರಕಾರಿ, ರೇಷ್ಮೆ ಎಲ್ಲವೂ ಇವೆ. ಬೆಂಗಳೂರಿನಲ್ಲಿ ನೌಕರಿ ಮಾಡುತ್ತ ಊರಿನ ತೋಟವನ್ನೂ ನೋಡಿಕೊಳ್ಳುವವರು ಇಲ್ಲಿ ಅಪರೂಪವಲ್ಲ. ಅಂಥ ಒಬ್ಬರನ್ನು ಕಲ್ಪಿಸಿಕೊಂಡು 2025-26ನೇ ಸಾಲಿನ ಲೆಕ್ಕ ಮಾಡೋಣ. ಅವರ ವರ್ಷದ ಸಂಬಳ ₹15,75,000. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ ಸಿಗುವ ₹75,000 ಪ್ರಮಾಣಿತ ಕಡಿತ ಕಳೆದರೆ ₹15,00,000 ಉಳಿಯುತ್ತದೆ. ದ್ರಾಕ್ಷಿ ಮಾರಿ ಬಂದದ್ದು ₹5,20,000. ಗೊಬ್ಬರ, ಔಷಧಿ, ಕೂಲಿ ಖರ್ಚು ₹2,20,000. ನಿವ್ವಳ ಕೃಷಿ ಆದಾಯ ₹3,00,000.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಕಂಪನಿಯವರೂ ಸಂಬಳಕ್ಕಷ್ಟೇ ಲೆಕ್ಕ ಹಾಕಿ ₹1,09,200 ಟಿಡಿಎಸ್ ಹಿಡಿದಿದ್ದಾರೆ. 15 ಲಕ್ಷಕ್ಕೆ ತೆರಿಗೆ ₹1,05,000, ಅದರ ಮೇಲೆ ಶೇ 4ರ ಸೆಸ್ ₹4,200. ಇಲ್ಲಿಯವರೆಗೆ ಎಲ್ಲ ಸರಿ. ಜುಲೈ 20ರಂದು ರಿಟರ್ನ್ ತುಂಬಲು ಕೂತು, ಕೃಷಿ ಆದಾಯದ ಮನೆಯಲ್ಲಿ ಮೂರು ಲಕ್ಷ ಎಂದು ಬರೆದ ಕೂಡಲೇ ತಂತ್ರಾಂಶ ಇನ್ನೂ ₹45,360 ಕಟ್ಟಿ ಎನ್ನುತ್ತದೆ. ತೆರಿಗೆಯೇ ಇಲ್ಲದ ಆದಾಯಕ್ಕೆ ಇಷ್ಟು ಹಣ ಹೇಗೆ ಬಂತು? ಇಂಥ ಹೊತ್ತಿನಲ್ಲಿ ಹಲವರು ತಂತ್ರಾಂಶ ತಪ್ಪಿದೆ ಎಂದುಕೊಂಡು ಆ ಮನೆಯಲ್ಲಿ ಸೊನ್ನೆ ಹಾಕಿಬಿಡುತ್ತಾರೆ. ಆಗ ರಿಟರ್ನೇ ಸುಳ್ಳಾಗುತ್ತದೆ. ತಂತ್ರಾಂಶ ತಪ್ಪಿಲ್ಲ. ಅದು ಹಿಡಿದ ದಾರಿಯನ್ನು ನಮಗೆ ತೋರಿಸಿಲ್ಲ, ಅಷ್ಟೇ.

ಕಾಣದ ಮೂರು ಹೆಜ್ಜೆ

ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳದ್ದು. ಕೇಂದ್ರ ಅದನ್ನು ನೇರವಾಗಿ ಮುಟ್ಟುವಂತಿಲ್ಲ. ಆದರೆ ಕೃಷಿಯೇತರ ಆದಾಯಕ್ಕೆ ಯಾವ ದರ ಹಾಕಬೇಕು ಎಂದು ತೀರ್ಮಾನಿಸುವಾಗ ಕೃಷಿ ಆದಾಯವನ್ನು ಗಮನಕ್ಕೆ ತೆಗೆದುಕೊಳ್ಳಬಹುದು. ಕೆ.ಎನ್. ರಾಜ್ ಸಮಿತಿ 1972ರಲ್ಲಿ ಈ ದಾರಿಯನ್ನು ಸೂಚಿಸಿತು. 1973ರ ಹಣಕಾಸು ಕಾಯ್ದೆಯಿಂದ ಅದು ಜಾರಿಗೆ ಬಂತು. ಕೃಷಿ ಆದಾಯ ₹5,000 ಮೀರಿ, ಬೇರೆ ಆದಾಯವೂ ಮೂಲ ವಿನಾಯಿತಿ ಮಿತಿ ದಾಟಿದರೆ ಮಾತ್ರ ಇದು ಅನ್ವಯಿಸುತ್ತದೆ.

ತಂತ್ರಾಂಶ ಮೊದಲು ಎರಡೂ ಆದಾಯಗಳನ್ನು ಕೂಡಿಸಿ, 18 ಲಕ್ಷಕ್ಕೆ ತೆರಿಗೆ ಹಾಕುತ್ತದೆ. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. 4ರಿಂದ 8 ಲಕ್ಷದವರೆಗೆ ಶೇ 5ರಂತೆ ₹20,000, 8ರಿಂದ 12ರವರೆಗೆ ಶೇ 10ರಂತೆ ₹40,000, 12ರಿಂದ 16ರವರೆಗೆ ಶೇ 15ರಂತೆ ₹60,000, ಉಳಿದ 2 ಲಕ್ಷಕ್ಕೆ ಶೇ 20ರಂತೆ ₹40,000. ಒಟ್ಟು ₹1,60,000. ಆಮೇಲೆ ಕೃಷಿ ಆದಾಯದ 3 ಲಕ್ಷಕ್ಕೆ ವಿನಾಯಿತಿ ಮಿತಿಯ 4 ಲಕ್ಷ ಸೇರಿಸಿ, 7 ಲಕ್ಷಕ್ಕೆ ತೆರಿಗೆ ಎಷ್ಟೆಂದು ನೋಡುತ್ತದೆ. ಅದು ₹15,000. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ₹1,45,000. ಸೆಸ್ ಸೇರಿ ₹1,50,800.

ಟಿಡಿಎಸ್ ಕಳೆದರೆ ಬಾಕಿ ₹41,600. ದ್ರಾಕ್ಷಿಯ ಹಣಕ್ಕೆ ತೆರಿಗೆ ಬಿದ್ದಿಲ್ಲ. ಅದು ಕೆಳಗಿನ ಮೆಟ್ಟಿಲುಗಳನ್ನು ಹಿಡಿದು ಕೂತದ್ದರಿಂದ ಸಂಬಳದ ಒಂದು ಭಾಗ ಮೇಲಿನ ಮೆಟ್ಟಿಲಿಗೆ ಏರಿದೆ. ಐಟಿಆರ್-2 ನಮೂನೆಯ ತೆರಿಗೆ ಲೆಕ್ಕದ ಭಾಗದಲ್ಲಿ ಈ ಹೆಜ್ಜೆಗಳು ನಿಜಕ್ಕೂ ಇವೆ: ಸಾಮಾನ್ಯ ದರದ ತೆರಿಗೆ ಒಂದು ಸಾಲಿನಲ್ಲಿ, ‘ಕೃಷಿ ಆದಾಯದ ಮೇಲಿನ ರಿಬೇಟ್’ ಇನ್ನೊಂದು ಸಾಲಿನಲ್ಲಿ. ಆದರೆ ₹15,000 ಎಂಬ ರಿಬೇಟ್ ಯಾವ ಏಳು ಲಕ್ಷದಿಂದ ಹುಟ್ಟಿತು ಎಂಬ ವಿವರಣೆ ಅಲ್ಲಿಲ್ಲ. ಹೆಸರೂ ದಾರಿ ತಪ್ಪಿಸುತ್ತದೆ. ರಿಬೇಟ್ ಎಂದು ಓದಿದವರಿಗೆ ತೆರಿಗೆ ಕಡಿಮೆಯಾಯಿತು ಅನ್ನಿಸುತ್ತದೆ, ಆದದ್ದು ಏರಿಕೆ.

‘12 ಲಕ್ಷದವರೆಗೆ ತೆರಿಗೆಯಿಲ್ಲ’ ಎಂಬ ಮಾತು ನಂಬಿದವರಿಗೂ ಇದೇ ಅಚ್ಚರಿ ಕಾದಿರುತ್ತದೆ. ಪ್ರಮಾಣಿತ ಕಡಿತ ಕಳೆದು 11 ಲಕ್ಷ ಸಂಬಳದ ಆದಾಯ, 3 ಲಕ್ಷ ಕೃಷಿ ಆದಾಯ ಇದ್ದವರಿಗೆ ಮೇಲಿನ ಕ್ರಮದಲ್ಲಿ ತೆರಿಗೆ ₹75,000 ಬರುತ್ತದೆ. ಆ ಮಾತಿನ ಹಿಂದಿರುವ ಕಲಂ 87ಎ ರಿಬೇಟಿನ ಗರಿಷ್ಠ ಮೊತ್ತ ₹60,000. ಉಳಿದ ₹15,000ಕ್ಕೆ ಸೆಸ್ ಸೇರಿ ₹15,600 ಕಟ್ಟಬೇಕು.

ಎರಡು ರೂಪಾಯಿಯ ವ್ಯತ್ಯಾಸ

ಬಾಕಿ ₹41,600 ಆದರೆ ತಂತ್ರಾಂಶ ಕೇಳಿದ್ದು ₹45,360. ನಡುವಿನ ಹಣ ಬಡ್ಡಿ. ವರ್ಷದ ತೆರಿಗೆ ಬಾಕಿ ₹10,000 ಅಥವಾ ಅದಕ್ಕಿಂತ ಹೆಚ್ಚಾಗುವಂತಿದ್ದರೆ ಮುಂಗಡ ತೆರಿಗೆ ಕಟ್ಟಬೇಕು. ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ರೊಳಗೆ ಶೇ 45, ಡಿಸೆಂಬರ್ 15ರೊಳಗೆ ಶೇ 75, ಮಾರ್ಚ್ 15ರೊಳಗೆ ಪೂರ್ತಿ. ಕಂತು ತಪ್ಪಿದರೆ ಕಲಂ 234ಸಿ ಪ್ರಕಾರ ತಿಂಗಳಿಗೆ ಶೇ 1 ಬಡ್ಡಿ. ಮೊದಲ ಮೂರು ಕಂತುಗಳಿಗೆ ಮೂರು ಮೂರು ತಿಂಗಳು, ಕೊನೆಯದಕ್ಕೆ ಒಂದು ತಿಂಗಳು.

ಜೂನ್ ಕಂತು ₹41,600ರ ಶೇ 15, ಅಂದರೆ ₹6,240. ಇದಕ್ಕೆ ಶೇ 3 ಹಾಕಿದರೆ ₹187.20 ಬರಬೇಕು. ತಂತ್ರಾಂಶ ತೋರಿಸುವುದು ₹186. ಆದಾಯ ತೆರಿಗೆ ನಿಯಮ 119ಎ ಪ್ರಕಾರ ಬಡ್ಡಿ ಲೆಕ್ಕ ಹಾಕುವಾಗ ಅಸಲಿನಲ್ಲಿ ನೂರಕ್ಕಿಂತ ಕೆಳಗಿನ ಚಿಲ್ಲರೆಯನ್ನು ಬಿಡಬೇಕು. ಹಾಗಾಗಿ ಅಸಲು ₹6,200. ಸೆಪ್ಟೆಂಬರಿನದು ₹18,720 ಬದಲು ₹18,700, ಬಡ್ಡಿ ₹561. ಡಿಸೆಂಬರಿನದು ₹936, ಮಾರ್ಚಿನದು ₹416. ಒಟ್ಟು ₹2,099. ಚಿಲ್ಲರೆ ಬಿಡದೆ ಲೆಕ್ಕ ಹಾಕಿದವರಿಗೆ ಸುಮಾರು ₹2,101 ಬರುತ್ತದೆ. ಎರಡು ರೂಪಾಯಿಯನ್ನು ಹಿಂಬಾಲಿಸಿ ಹೋಗುವುದು ಅತಿಯಾಯಿತು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ ತಂತ್ರಾಂಶ ಯಾವ ನಿಯಮ ಹಿಡಿದಿದೆ ಎಂಬುದನ್ನು ಇಂಥ ಚಿಲ್ಲರೆಯೇ ಬಿಟ್ಟುಕೊಡುತ್ತದೆ.

ಇದಲ್ಲದೆ ಕಲಂ 234ಬಿ ಬಡ್ಡಿ ಏಪ್ರಿಲ್ 1ರಿಂದ ಓಡತೊಡಗುತ್ತದೆ. ತಿಂಗಳಲ್ಲಿ ಒಂದು ದಿನ ಕಳೆದರೂ ಪೂರ್ತಿ ತಿಂಗಳೆಂದೇ ಲೆಕ್ಕ. ಜುಲೈ 20 ಎಂದರೆ ನಾಲ್ಕು ತಿಂಗಳು, ₹1,664. ಎರಡೂ ಬಡ್ಡಿ ಕೂಡಿದರೆ ₹3,763. ಬಾಕಿಯೊಂದಿಗೆ ₹45,363. ಕಲಂ 288ಬಿ ಪ್ರಕಾರ ಕೊನೆಯ ಮೊತ್ತವನ್ನು ಹತ್ತರ ಹತ್ತಿರದ ಗುಣಕಕ್ಕೆ ತಂದರೆ ₹45,360. ಇಲ್ಲಿಗೆ ಜಾಡು ಪೂರ್ತಿಯಾಯಿತು.

ಈ ಲೇಖನದಲ್ಲಿರುವ ಕಲಂ ಸಂಖ್ಯೆಗಳು 1961ರ ಕಾಯ್ದೆಯವು. 2025-26ನೇ ಸಾಲಿನ ಆದಾಯಕ್ಕೆ ಅದೇ ಅನ್ವಯಿಸುತ್ತದೆ. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ, 2025 ಜಾರಿಗೆ ಬಂದಿರುವುದರಿಂದ ಆ ದಿನದಿಂದ ಮುಂದಿನ ಆದಾಯಕ್ಕೆ ಸಂಖ್ಯೆಗಳು ಬದಲಾಗುತ್ತವೆ.

ಶಿಡ್ಲಘಟ್ಟದ ಗೂಡು: ತಂತ್ರಾಂಶ ಹೇಳಲಾರದ ಮಾತು

ಮೇಲಿನ ಲೆಕ್ಕದಲ್ಲಿ ಎಲ್ಲವೂ ನಿಯಮದಿಂದ ಹುಟ್ಟಿತು. ಆದರೆ ನಿಯಮಕ್ಕೆ ಕೊಡುವ ಮೊದಲ ಅಂಕಿಯ ಮೂಲವೇ ಮುಖ್ಯವಾದ ಸಂದರ್ಭಗಳಿವೆ. ರೇಷ್ಮೆ ಅಂಥದ್ದು. ಶಿಡ್ಲಘಟ್ಟದ ರೈತರು ಹಿಪ್ಪುನೇರಳೆ ಬೆಳೆಯುತ್ತಾರೆ, ಸೊಪ್ಪು ಕತ್ತರಿಸಿ ಹುಳುವಿಗೆ ಹಾಕುತ್ತಾರೆ, ಚಂದ್ರಿಕೆಯಿಂದ ಗೂಡು ಬಿಡಿಸಿ ಮಾರುಕಟ್ಟೆಗೆ ತರುತ್ತಾರೆ. ಅವರ ಬದುಕಿನಲ್ಲಿ ಇದು ಬೇಸಾಯವೇ. ಕಾನೂನಿನಲ್ಲಿ ಹಾಗಿಲ್ಲ. ಕೆ. ಲಕ್ಷ್ಮಣನ್ ಅಂಡ್ ಕಂಪನಿ ಪ್ರಕರಣದಲ್ಲಿ ರೇಷ್ಮೆಗೂಡು ಮಾರಿ ಬಂದ ಆದಾಯ ಕೃಷಿ ಆದಾಯವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಬೆಳೆ ಹಿಪ್ಪುನೇರಳೆ ಸೊಪ್ಪು. ಗೂಡು ಹುಳು ಕಟ್ಟಿದ್ದು ಎಂಬುದು ಅದರ ತಿರುಳು.

ಹಾಗಾದರೆ ಸೊಪ್ಪಿನ ಪಾಲು? ತಾನೇ ಬೆಳೆದದ್ದನ್ನು ತನ್ನ ವ್ಯವಹಾರಕ್ಕೆ ಕಚ್ಚಾವಸ್ತುವಾಗಿ ಬಳಸಿದವರಿಗೆ ನಿಯಮ 7 ಇದೆ. ಆ ಬೆಳೆಯ ಮಾರುಕಟ್ಟೆ ಬೆಲೆಯನ್ನು ವ್ಯವಹಾರದ ಲೆಕ್ಕದಿಂದ ಕಳೆಯಬಹುದು. ಉಳಿದದ್ದು ವ್ಯವಹಾರದ ಲಾಭ. ಸೊಪ್ಪನ್ನೇ ಮಾರುವವರು ಈ ಭಾಗದಲ್ಲಿ ಇರುವುದರಿಂದ ಸೊಪ್ಪಿಗೆ ಬೆಲೆ ಕಟ್ಟುವುದು ಅಸಾಧ್ಯವೇನಲ್ಲ. ಆದರೆ ಆ ಬೆಲೆ ತಂತ್ರಾಂಶದ ಒಳಗೆ ಎಲ್ಲೂ ಇಲ್ಲ. ಯಾವ ತಿಂಗಳು, ಎಷ್ಟು ಮೂಟೆ, ಏನು ದರ ಎಂದು ರೈತರೇ ಬರೆದಿಟ್ಟ ಪುಸ್ತಕದಲ್ಲಿ ಮಾತ್ರ ಇರಲು ಸಾಧ್ಯ. ಕಾಫಿಗೆ ಈ ತೊಡಕಿಲ್ಲ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ತಾವೇ ಬೆಳೆದು ಸಂಸ್ಕರಿಸಿದ ಕಾಫಿಯನ್ನು ಮಾರಿದರೆ ಆದಾಯದ ಶೇ 25 ವ್ಯವಹಾರದ್ದು, ಉಳಿದದ್ದು ಕೃಷಿಯದು ಎಂದು ನಿಯಮ 7ಬಿ ನೇರವಾಗಿ ಹೇಳುತ್ತದೆ. ರೇಷ್ಮೆಗೂ ಇಂಥ ಒಂದು ನಿಶ್ಚಿತ ಪ್ರಮಾಣ ಇದ್ದಿದ್ದರೆ ಎಷ್ಟೋ ಗೊಂದಲ ತಪ್ಪುತ್ತಿತ್ತು. ವಿನಾಯಿತಿ ಮಿತಿಯೊಳಗಿನ ಆದಾಯ ಇರುವವರಿಗೆ ಇದರಿಂದ ತೆರಿಗೆ ಬರುವುದಿಲ್ಲ. ನೌಕರಿಯ ಆದಾಯವೂ ಇರುವ ಸಾಕಣೆದಾರರಿಗೆ ಇದು ನಿಜವಾದ ಪ್ರಶ್ನೆ. ಹಾಲಿನ ಆದಾಯವೂ ಹೀಗೆಯೇ: ಹಸು ಮೇಯುವುದು ಹೊಲದಲ್ಲಾದರೂ ಡೇರಿಗೆ ಹಾಕಿದ ಹಾಲಿನ ಹಣ ಕೃಷಿ ಆದಾಯದ ಮನೆಗೆ ಸೇರದು.

ಕೃಷಿ ಆದಾಯ 5 ಲಕ್ಷ ಮೀರಿದರೆ ಜಮೀನು ಇರುವ ಜಿಲ್ಲೆ, ಪಿನ್‌ಕೋಡ್, ಎಕರೆ ಲೆಕ್ಕದ ಅಳತೆ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ನಮೂನೆ ಕೇಳುತ್ತದೆ. ಆಗ ಕೈಗೆ ಬೇಕಾಗುವುದು ಪಹಣಿ.

ಪಹಣಿಯ ಎಂ.ಆರ್. ಸಂಖ್ಯೆ, ಟ್ಯಾಲಿಯ ಎಂಟರ್ ಕೀ

ಮೂಲ ತೋರಿಸುವುದು ಹೇಗೆ ಎಂಬುದಕ್ಕೆ ಪಹಣಿಯೇ ಒಳ್ಳೆಯ ಮಾದರಿ. ಅದರಲ್ಲಿ ಖಾತೆದಾರರ ಹೆಸರಿನೊಂದಿಗೆ ಎಂ.ಆರ್. ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಹೋದರೆ ಮ್ಯುಟೇಷನ್ ಕಡತ ಸಿಗುತ್ತದೆ, ಜಮೀನು ಕ್ರಯದಿಂದ ಬಂತೋ ವಿಭಾಗದಿಂದಲೋ ಪೌತಿಯಿಂದಲೋ ಎಂಬುದು ತಿಳಿಯುತ್ತದೆ. 2000ದ ಸುಮಾರಿಗೆ ಕರ್ನಾಟಕದ ಭೂಮಿ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗಲೂ ಈ ಸಂಖ್ಯೆಯನ್ನು ಉಳಿಸಿಕೊಂಡಿತು. ಖಿರ್ದಿಯಿಂದ ಖಾತೆಗೆ ಲೆಕ್ಕ ಏರಿಸುವಾಗ ಪುಟಸಂಖ್ಯೆ ಬರೆಯುತ್ತಿದ್ದ ಹಳೆಯ ಗುಮಾಸ್ತರ ಪದ್ಧತಿಯೂ ಇದೇ.

ಬೆಂಗಳೂರಿನ ಟ್ಯಾಲಿ ಕಂಪನಿಯ ತಂತ್ರಾಂಶ ಬಳಸುವ ಅಂಗಡಿಯವರಿಗೆ ಇದು ಬೆರಳ ತುದಿಯ ವಿದ್ಯೆ. ಆಸ್ತಿ-ಹೊಣೆ ಪಟ್ಟಿಯ ಯಾವುದೇ ಅಂಕಿಯ ಮೇಲೆ ನಿಂತು ಎಂಟರ್ ಒತ್ತಿದರೆ ಅದರ ಗುಂಪು ತೆರೆದುಕೊಳ್ಳುತ್ತದೆ, ಮತ್ತೆ ಒತ್ತಿದರೆ ಖಾತೆ, ಆಮೇಲೆ ತಿಂಗಳು, ಕೊನೆಗೆ ಆ ದಿನದ ವೋಚರ್. ಎಸ್ಕೇಪ್ ಒತ್ತುತ್ತ ಬಂದ ದಾರಿಯಲ್ಲೇ ಮರಳಬಹುದು. ಎಕ್ಸೆಲ್‌ನಲ್ಲಿ ‘ಟ್ರೇಸ್ ಪ್ರಿಸಿಡೆಂಟ್ಸ್’ ಒತ್ತಿದರೆ ಒಂದು ಮನೆಯ ಅಂಕಿ ಯಾವ ಯಾವ ಮನೆಗಳಿಂದ ಬಂತು ಎಂದು ನೀಲಿ ಬಾಣಗಳು ತೋರಿಸುತ್ತವೆ. ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳು ಬಳಸುವ ಟರ್ಬೋಟ್ಯಾಕ್ಸ್‌ನ ಕಂಪ್ಯೂಟರ್ ಆವೃತ್ತಿಯಲ್ಲಿ ‘ಕ್ವಿಕ್‌ಝೂಮ್’ ಎಂಬ ಗುಂಡಿ ಪೋಷಕ ಹಾಳೆಗೆ ಕರೆದೊಯ್ಯುತ್ತದೆ. ಫ್ರಾನ್ಸ್ ಇನ್ನೂ ಮುಂದೆ ಹೋಗಿ, ಆದಾಯ ತೆರಿಗೆ ಲೆಕ್ಕ ಹಾಕುವ ತನ್ನ ಸರ್ಕಾರಿ ಪ್ರೋಗ್ರಾಮಿನ ಮೂಲಪಠ್ಯವನ್ನೇ 2016ರಲ್ಲಿ ಸಾರ್ವಜನಿಕರ ಮುಂದಿಟ್ಟಿತು.

ನಮ್ಮ ಆದಾಯ ತೆರಿಗೆ ಇಲಾಖೆ ಪ್ರತಿ ವರ್ಷ ಪ್ರತಿ ನಮೂನೆಗೂ ‘ವ್ಯಾಲಿಡೇಷನ್ ರೂಲ್ಸ್’ ಎಂಬ ದಾಖಲೆ ಹೊರಡಿಸುತ್ತದೆ. ಯಾವ ಸಾಲು ಯಾವ ಸಾಲುಗಳ ಮೊತ್ತಕ್ಕೆ ಸಮನಾಗಿರಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಆಡಿಟರ್‌ಗಳನ್ನು ಬಿಟ್ಟರೆ ಅದನ್ನು ತೆರೆಯುವವರು ಕಡಿಮೆ. ಅದು ಕನ್ನಡದಲ್ಲೂ ಬರಬೇಕಾದ ದಾಖಲೆ.

ಮೊದಲೇ ತುಂಬಿ ಬರುವ ಅಂಕಿಗಳು

ರಿಟರ್ನ್ ತೆರೆದ ಕೂಡಲೇ ಕಾಣುವ ಸಂಬಳ, ಬಡ್ಡಿ, ಟಿಡಿಎಸ್ ಅಂಕಿಗಳು ಬೇರೆಯವರು ಇಲಾಖೆಗೆ ಕೊಟ್ಟ ವರದಿಗಳಿಂದ ಬಂದವು. ಸಂಬಳದ್ದು ಕಂಪನಿ ಸಲ್ಲಿಸಿದ 24ಕ್ಯೂ ಪಟ್ಟಿಯಿಂದ, ಠೇವಣಿ ಬಡ್ಡಿ ಬ್ಯಾಂಕಿನ ವರದಿಯಿಂದ. 2021ರ ನವೆಂಬರಿನಲ್ಲಿ ಬಂದ ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ, ಪ್ರತಿ ಮೊತ್ತದ ಎದುರು ಅದನ್ನು ಕೊಟ್ಟವರು ಯಾರು ಎಂಬುದೂ ಇರುತ್ತದೆ. ಜಾಡು ಹಿಡಿಯುವವರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಒಂದೇ ಬಡ್ಡಿ ಟಿಡಿಎಸ್ ವರದಿಯಲ್ಲೊಮ್ಮೆ, ಬ್ಯಾಂಕಿನ ಬಡ್ಡಿ ವರದಿಯಲ್ಲೊಮ್ಮೆ ಹೀಗೆ ಎರಡು ಸಲ ಕಾಣಿಸಿಕೊಳ್ಳಬಹುದು. ಬ್ಯಾಂಕ್ ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಹೋಲಿಸಬೇಕು. ತಪ್ಪಿದ್ದರೆ ಅಲ್ಲೇ ಆಕ್ಷೇಪ ದಾಖಲಿಸಬಹುದು. ದ್ರಾಕ್ಷಿ ಮಂಡಿಯ ಚೀಟಿಯ ಲೆಕ್ಕವನ್ನು ಮಾತ್ರ ನಾವೇ ತುಂಬಬೇಕು.

ತಂತ್ರಾಂಶವೇ ಕಾನೂನಾದಾಗ

ಲೆಕ್ಕದ ಮೂಲ ಕಾಯ್ದೆಯಲ್ಲಿದೆಯೋ ಪ್ರೋಗ್ರಾಮಿನಲ್ಲಿದೆಯೋ ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. 2024ರ ಜುಲೈ 5ರಂದು ಇಲಾಖೆಯ ಯುಟಿಲಿಟಿಯಲ್ಲಿ, ಅಂದರೆ ರಿಟರ್ನ್ ತುಂಬುವ ತಂತ್ರಾಂಶದಲ್ಲಿ, ಒಂದು ಬದಲಾವಣೆ ಆಯಿತು. ಅಲ್ಲಿಯವರೆಗೆ ಹೊಸ ಪದ್ಧತಿಯಲ್ಲಿ 7 ಲಕ್ಷದೊಳಗಿನ ಆದಾಯದವರಿಗೆ ಷೇರು ಮಾರಾಟದ ಅಲ್ಪಾವಧಿ ಲಾಭದ ತೆರಿಗೆಗೂ 87ಎ ರಿಬೇಟ್ ಸಿಗುತ್ತಿತ್ತು. ಆ ದಿನದಿಂದ ಸಿಗದಾಯಿತು. ಕಾಯ್ದೆಯ ಒಂದಕ್ಷರವೂ ಬದಲಾಗಿರಲಿಲ್ಲ. ಜುಲೈ ಆರಂಭದಲ್ಲಿ ರಿಟರ್ನ್ ಹಾಕಿದವರಿಗೆ ಒಂದು ಲೆಕ್ಕ, ಕೊನೆಯಲ್ಲಿ ಹಾಕಿದವರಿಗೆ ಇನ್ನೊಂದು. ರಿಬೇಟ್ ಕೇಳೋಣವೆಂದರೆ ಆ ಮನೆಯಲ್ಲಿ ಬರೆಯಲೂ ಬಿಡುತ್ತಿರಲಿಲ್ಲ.

ಚೇಂಬರ್ ಆಫ್ ಟ್ಯಾಕ್ಸ್ ಕನ್ಸಲ್ಟೆಂಟ್ಸ್ ಸಂಸ್ಥೆ ಬಾಂಬೆ ಹೈಕೋರ್ಟಿಗೆ ಹೋಯಿತು. 2025ರ ಜನವರಿ 24ರಂದು ಬಂದ ತೀರ್ಪು, ರಿಬೇಟ್ ಕೇಳುವ ಅವಕಾಶವನ್ನು ತಂತ್ರಾಂಶ ಮುಚ್ಚಿಬಿಡುವಂತಿಲ್ಲ, ತೆರಿಗೆದಾರರು ಕೇಳಲು ಆಗುವಂತೆ ಯುಟಿಲಿಟಿ ಇರಬೇಕು ಎಂದಿತು. ಅರ್ಹತೆ ಇದೆಯೋ ಇಲ್ಲವೋ ಎಂಬುದನ್ನು ಮುಂದಿನ ಪ್ರಕ್ರಿಯೆಗೆ ಬಿಟ್ಟಿತು. ಆಮೇಲೆ 2025ರ ಹಣಕಾಸು ಕಾಯ್ದೆ, ವಿಶೇಷ ದರದ ಆದಾಯಕ್ಕೆ ಈ ರಿಬೇಟ್ ಇಲ್ಲ ಎಂದು 2026-27ರ ನಿರ್ಧಾರ ವರ್ಷದಿಂದ, ಅಂದರೆ 2025-26ನೇ ಸಾಲಿನ ಆದಾಯದಿಂದ, ಸ್ಪಷ್ಟಪಡಿಸಿತು. ಅಂಕಿಯ ಮೂಲ ಈಗ ಕಾಯ್ದೆಯಲ್ಲೇ ಇದೆ. ಇರಬೇಕಾದ ಜಾಗವೂ ಅದೇ.

ಎರಡು ಕಾಲಂಗಳ ಪತ್ರ

ದೇಶದ ಮೂಲೆಮೂಲೆಯ ರಿಟರ್ನ್‌ಗಳನ್ನು ಸಂಸ್ಕರಿಸುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಜನರ ಬಾಯಲ್ಲಿ ಸಿಪಿಸಿ. 2009-10ರಲ್ಲಿ ಆರಂಭವಾದ ಈ ಕೇಂದ್ರದ ಕಂಪ್ಯೂಟರ್ ನಮ್ಮ ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡುತ್ತದೆ. ಆಮೇಲೆ ಬರುವ 143(1) ಸೂಚನಾಪತ್ರದಲ್ಲಿ ಎರಡು ಕಾಲಂಗಳು: ರಿಟರ್ನಿನಲ್ಲಿ ನೀವು ಕೊಟ್ಟದ್ದು, ಇಲಾಖೆ ಲೆಕ್ಕ ಹಾಕಿದ್ದು. ಕೊನೆಯ ಸಾಲಿನಲ್ಲಿ ಬಾಕಿ ಸೊನ್ನೆ ಇದ್ದರೆ ಸಾಕು ಎಂದು ಹಲವರು ಪತ್ರ ಮಡಚಿಡುತ್ತಾರೆ. ವ್ಯತ್ಯಾಸ ಬಂದವರು ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ನೋಡಿ, ಎರಡು ಕಾಲಂಗಳು ಮೊದಲ ಬಾರಿಗೆ ಬೇರೆಯಾದ ಸಾಲನ್ನು ಹಿಡಿಯಬೇಕು. ಅದರ ಕೆಳಗಿನ ವ್ಯತ್ಯಾಸಗಳು ಬಹುಪಾಲು ಅದೊಂದರ ಮರಿಗಳು. ಟಿಡಿಎಸ್ ಸಾಲಿನಲ್ಲಿ ಬೇರೆಯಾಗಿದ್ದರೆ ಕಂಪನಿ ಅಥವಾ ಬ್ಯಾಂಕಿನ ವರದಿಯಲ್ಲಿ ತೊಂದರೆ. ಬಡ್ಡಿಯ ಸಾಲಿನಲ್ಲಿ ಮಾತ್ರವಾದರೆ ಕಟ್ಟಿದ ದಿನಾಂಕ ನೋಡಬೇಕು. ಇಲಾಖೆಯ ಕಡೆ ತಪ್ಪಿದ್ದರೆ ಕಲಂ 154ರಡಿ ತಿದ್ದುಪಡಿ ಕೋರಬಹುದು.

ಮುಂದಿನ ವರ್ಷದ ಕಂತು

ನಮ್ಮ ಉದಾಹರಣೆಯವರು ಕಟ್ಟಿದ ₹3,763 ಬಡ್ಡಿ ತಪ್ಪಿಸಬಹುದಾಗಿದ್ದ ಹಣ. ಆದರೆ ಅದಕ್ಕೆ ದ್ರಾಕ್ಷಿಯ ಆದಾಯವನ್ನು ಜೂನ್‌ನಲ್ಲೇ ಅಂದಾಜು ಮಾಡಬೇಕು. ಬಂಡವಾಳ ಲಾಭ, ಡಿವಿಡೆಂಡ್ ಮೊದಲೇ ತಿಳಿಯದು ಎಂದು ಕಲಂ 234ಸಿ ಅವುಗಳಿಗೆ ಸಡಿಲಿಕೆ ಕೊಟ್ಟಿದೆ. ಆಲಿಕಲ್ಲು ಮಳೆಗೂ ಮಂಡಿಯ ದರಕ್ಕೂ ಸಿಕ್ಕಿರುವ ಬೆಳೆಯ ಆದಾಯಕ್ಕೆ ಆ ಸಡಿಲಿಕೆ ಇಲ್ಲ. ಇದು ಸರಿಯಲ್ಲ ಎಂದೇ ನನ್ನ ಭಾವನೆ.

ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು. ಆದಾಯ, ದರ ಎರಡೂ ಹಿಂದಿನ ಸಾಲಿನಂತೆಯೇ ಇದ್ದರೆ ಜೂನ್ 15ರೊಳಗೆ ₹6,240, ಸೆಪ್ಟೆಂಬರ್ 15ಕ್ಕೆ ಒಟ್ಟು ₹18,720 ಆಗುವಂತೆ, ಡಿಸೆಂಬರ್ 15ಕ್ಕೆ ₹31,200, ಮಾರ್ಚ್ 15ಕ್ಕೆ ಉಳಿದದ್ದು. ಕಟ್ಟಿದ ಚಲನ್, ಮಂಡಿಯ ಚೀಟಿ, ಔಷಧಿ ಅಂಗಡಿಯ ಬಿಲ್ಲು, ಕೂಲಿ ಬರೆದ ಪುಸ್ತಕ ಒಂದೇ ಕಡೆ ಇರಲಿ. ಎರಡನೇ ಕಂತಿನ ದಿನವನ್ನು ಈ ಊರಿನವರು ಮರೆಯಬೇಕಾಗಿಲ್ಲ: ಸೆಪ್ಟೆಂಬರ್ 15 ವಿಶ್ವೇಶ್ವರಯ್ಯನವರ ಜನ್ಮದಿನ, ಮುದ್ದೇನಹಳ್ಳಿಗೆ ಜನ ಬರುವ ದಿನ.